ಎರಡನೆಯ ಸಾಲು

ಪಟಪಟ ಅನ್ನುತ್ತಲೇ ಇದೆ ಹರಿದ ಹಾಯಿಯ ಮೂಲೆ, ಮೂರು ದಿನದಿಂದ ಒಂದೇ ರಾಗ, ಬಾಯಿ ಮುಚ್ಚು ಅಂದರೆ ಕೇಳುವುದಿಲ್ಲ, ಥೇಟ್ ಸೋದರತ್ತೆಯ ಹಾಗೆ — ನಗು ಬಂತು ಅವಳಿಗೆ, ನಕ್ಕರೆ ತುಟಿ ಬಿರಿಯುತ್ತದೆ, ಬೇಡ. ಬಾಟಲಿಯಲ್ಲಿ ನೀರು ಎರಡು ಗುಟುಕು, ಒಂದು ಈಗ, ಇನ್ನೊಂದು ಹೊಲಿದು ಮುಗಿದ ಮೇಲೆ, ಹದಿನಾರು ವರ್ಷದಲ್ಲಿ ಇಷ್ಟು ಶಿಸ್ತು ಎಂದೂ ಇರಲಿಲ್ಲ, ಅಮ್ಮ ನೋಡಬೇಕಿತ್ತು. ಸುತ್ತ ಬರೀ ನೀರು, ದೋಣಿಯಲ್ಲಿ ಅವಳೊಬ್ಬಳು, ಬೆಳಿಗ್ಗೆಯಿಂದ ಗಾಳಿ ತಿರುಗಿ ದಡದ ಕಡೆಗೇ ಬೀಸುತ್ತಿದೆ, ಈಗ ಹಾಯಿ ಏರಿಸಿದರೆ ಸಂಜೆಯೊಳಗೆ ಮನೆ, ಗಾಳಿ ಮತ್ತೆ ತಿರುಗಿದರೆ — ಅದನ್ನು ಆಮೇಲೆ ಯೋಚಿಸೋಣ. ಸೂಜಿ ಇದೆ, ಅಂಗಿಯ ಕಾಲರಿಗೆ ಚುಚ್ಚಿಕೊಳ್ಳುವುದು ಅಪ್ಪನಿಂದ ಬಂದ ಚಾಳಿ, ಅಪ್ಪ ಮಗಳು ಇಬ್ರೂ ಒಂದಿನ ಕುತ್ತಿಗೆ ಚುಚ್ಕೊಳ್ತೀರಿ ನೋಡಿ, ಅನ್ನುತ್ತಿದ್ದಳು ಅಮ್ಮ. ದಾರವಿಲ್ಲ. ದಾರದ ಉಂಡೆ ಅಂಗಡಿಯ ಕಿಟಕಿಯಲ್ಲಿ, ಕತ್ತರಿಯ ಪಕ್ಕ, ಕಣ್ಣಿಗೆ ಕಟ್ಟಿದಂತಿದೆ, ಅದರಿಂದೇನು ಬಂತು. ರಿಪೇರಿಗೆ ಬಂದ ಹಾಯಿಯನ್ನು ಹೊಲಿದವರೇ ಮೊದಲು ನೀರಿಗೆ ಒಯ್ಯಬೇಕು, ಅಪ್ಪನ ಅಂಗಡಿಯ ಕಟ್ಟಳೆ, ಬೇರೆಯವರ ಜೀವದ ಮೇಲೆ ಪರೀಕ್ಷೆ ಮಾಡೋದಲ್ಲ ಮಗಾ. ಮೂಲೆಗೆ ಎರಡು ಸಾಲು ಹೊಲಿಗೆ ಹಾಕಿದ್ಯಾ. ಹಾಕ್ದೆ ಅಪ್ಪಾ. ಹಾಕಿರಲಿಲ್ಲ. ಒಂದೇ ಸಾಲು, ಗೆಳತಿ ಬಾಗಿಲಲ್ಲಿ ಕಾಯುತ್ತಿದ್ದಳು, ಬೆರಳು ನೋಯುತ್ತಿತ್ತು, ಅಪ್ಪ ಬಿಡಿಸಿ ನೋಡಲೂ ಇಲ್ಲ, ನನ್ ಮಗಳು ಹಾಕಿದೀನಿ ಅಂದ್ಮೇಲೆ ಹಾಕಿದಾಳೆ, ಅಂದುಬಿಟ್ಟ ಗಿರಾಕಿಯ ಮುಂದೆ. ಬಾಯಾರಿಕೆಗಿಂತ ಆ ಮಾತೇ ಹೆಚ್ಚು ಸುಡುತ್ತದೆ.

ದಾರ ಬೇಕೆಂದರೆ ಒಂದೇ ದಾರಿ, ಹಾಯಿಯ ನಡುವೆ ಹೋದ ವರ್ಷ ಅಪ್ಪ ಹಾಕಿದ ತೇಪೆ, ಹೊರಗೆ ಕಾಣುವುದು ಒಂದೇ ಸಾಲು, ಅದನ್ನು ಕಿತ್ತರೆ ಅಲ್ಲೊಂದು ತೂತು, ಆದರೆ ಮೂಲೆಯಿಲ್ಲದೆ ಹಾಯಿ ನಿಲ್ಲುವುದೇ ಇಲ್ಲ, ತೂತಿದ್ದರೂ ದೋಣಿ ತೆವಳೀತು. ಸೂಜಿಮೊನೆಯಿಂದ ಎಬ್ಬಿಸಿ ಹಲ್ಲಿನಿಂದ ಎಳೆದಳು, ದಾರ ಉದ್ದಕ್ಕೆ ಬಂತು, ತೇಪೆ ಹಾರಬೇಕಿತ್ತು, ಹಾರಲಿಲ್ಲ. ಬೆರಳಿಂದ ಸವರಿದಳು. ಮಡಿಕೆಯೊಳಗೆ, ಯಾರೂ ನೋಡದ ಕಡೆ, ಇನ್ನೊಂದು ಸಾಲು, ಒಂದೊಂದು ಹೊಲಿಗೆಯೂ ಅಕ್ಕಿಕಾಳಿನಷ್ಟು. ಅಳು ಬಂತು, ಅಳಲು ನೀರೆಲ್ಲಿದೆ, ಸುಮ್ಮನೆ ಹೊಲಿ. ಮೂಲೆಗೆ ಒಂದು ಸಾಲು ಮುಗಿಯಿತು, ಗಾಳಿ ಇನ್ನೂ ಇದೆ, ಸಾಕು, ಏರಿಸು, ಅನ್ನುತ್ತಿದೆ ಕೈ, ದಾರ ಒಂದು ಮಾರು ಮಿಕ್ಕಿದೆ, ಹಾಕಿದ್ಯಾ — ಇಲ್ಲ ಅಪ್ಪಾ, ಆವತ್ತು ಸುಳ್ಳು ಹೇಳ್ದೆ, ಈಗ ಹಾಕ್ತಿದೀನಿ — ಸೂಜಿ ಒಳಗೆ, ಹೊರಗೆ, ಒಳಗೆ, ಮಡಿಕೆಯೊಳಗೆ, ಯಾರೂ ನೋಡದ ಕಡೆ, ಎರಡನೆಯ ಸಾಲು.