ಕಂಬಳಿ ರಾಣಿ ಬೆನ್ನು ತೋರಿಸಿದ್ದು

ಕಂಬಳಿ ರಾಣಿ ವೈರಿಯ ಪಾಲಾಗಿದ್ದಾಳೆ ಎಂಬ ಸುದ್ದಿ ವೈಶಾಲಿಗೆ ಗೊತ್ತಾದದ್ದು ತವರಿಗೆ ಬಂದ ಮರುದಿನ. ಹೇಳಿದವಳು ಅಣ್ಣನ ಮಗಳು ರಾಜಶ್ರೀ. ಅಂಗಳದ ಹಾಸುಗಲ್ಲಿನ ಮೇಲೆ ಇದ್ದಿಲಿನಿಂದ ಗುಡ್ಡ, ಹೊಳೆ, ಕೋಟೆ ಬರೆದುಕೊಂಡು, ಓಣಿಯ ಹುಡುಗರನ್ನು ಸುತ್ತ ಕೂರಿಸಿಕೊಂಡು, ಆ ಪೋರಿ ಇಂಥ ಸುದ್ದಿಯನ್ನು ಎಷ್ಟು ಆರಾಮಾಗಿ ಹೇಳಿದಳೆಂದರೆ ವೈಶಾಲಿಗೆ ಮೈಯೆಲ್ಲ ಉರಿದುಹೋಯಿತು. ಉರಿಯದೆ ಏನು ಮಾಡೀತು? ಆ ರಾಣಿಯನ್ನು ಹುಟ್ಟಿಸಿದವಳೇ ಅವಳು.

ಅದು ತೊಂಬತ್ತೇಳರ ಬೇಸಿಗೆ. ರನ್ನ ಬೆಳಗಲಿಯ ಇದೇ ಮನೆ, ಇದೇ ಹಾಸುಗಲ್ಲು. ಸಾಲಿ ಸೂಟಿ ಬಿಟ್ಟಾಗ ಹೊತ್ತು ಹೋಗದೆ ಅವಳೂ ಅವಳ ಅಣ್ಣ ದುಂಡೇಶನೂ ಕೂಡಿ ಏಳು ಗುಡ್ಡದ ಆಟ ಕಟ್ಟಿದ್ದರು. ಆಡುವವರು ಒಬ್ಬೊಬ್ಬರು ಒಂದೊಂದು ವೇಷ, ವೇಷಕ್ಕೊಂದು ಹುಣಸೆ ಬೀಜದ ಕಾಯಿ. ಕವಡೆ ಹಾಕಬೇಕು, ಬಿದ್ದಷ್ಟು ಮನೆ ನಡೆಯಬೇಕು, ನಡೆದ ಮೇಲೆ ಅಲ್ಲಿ ತನಗೆ ಏನಾಯಿತೆಂದು ಕಥೆ ಹೇಳಬೇಕು. ವೈಶಾಲಿಯ ರಾಣಿ ಕಂಬಳಿ ಹೊದ್ದರೆ ಯಾರ ಕಣ್ಣಿಗೂ ಕಾಣುತ್ತಿರಲಿಲ್ಲ. ಅಷ್ಟು ಬಲ ಇದ್ದವಳಿಗೆ ಒಂದು ಕೊರತೆಯೂ ಬೇಕೆಂದು ದುಂಡೇಶ ಹಟ ಹಿಡಿದಾಗ, ಪಂಚಮಿಗೆ ಸೋದರಮಾವ ಬಂದು ಅವ್ವನನ್ನು ಕರೆದೊಯ್ಯುವುದು ನೆನಪಾಗಿ, ತನ್ನ ಮನೆಯವರು ಬಂದು ಕರೆಯದ ಹೊರತು ರಾಣಿ ಹೊಳೆ ದಾಟಬಾರದು ಎಂಬ ಕಟ್ಟು ಹಾಕಿದವಳೂ ವೈಶಾಲಿಯೇ.

ಆಟಕ್ಕಿದ್ದ ದೊಡ್ಡ ಕಟ್ಟಳೆ ಮಾತ್ರ ಅಜ್ಜ ಗಿರಿಮಲ್ಲಪ್ಪನದು. ಬೀರಪ್ಪನ ಗುಡಿಯಲ್ಲಿ ಡೊಳ್ಳು ಹೊಡೆದು ಹಾಡುತ್ತಿದ್ದ ಮುದುಕ. ಮಕ್ಕಳು ಕಥೆಗಾಗಿ ಜಗಳಾಡಿ ಜುಟ್ಟು ಹಿಡಿದಾಗ ಬಿಡಿಸಿ ಹೇಳಿದ್ದ:

"ಹಿಂದಿನವ್ರು ಹೇಳಿದ್ದನ್ನ ಸುಳ್ಳು ಅನಬ್ಯಾಡ್ರಿ. ಅದರ ಮುಂದ ನಿಮ್ಮದೊಂದು ಮಾತು ಕೂಡಸ್ರಿ."

ಅಜ್ಜ ಹೋದ. ವೈಶಾಲಿಯನ್ನು ಬನಹಟ್ಟಿಗೆ ಕೊಟ್ಟರು; ಕುರಿ ಮಾರಿ ಪವರ್‌ಲೂಮ್ ಹಾಕಿಕೊಂಡಿದ್ದ ಮನೆತನ. ಮೊದಮೊದಲು ಪ್ರತಿ ಪಂಚಮಿಗೂ ದುಂಡೇಶ ಉಂಡಿಯ ಡಬ್ಬಿ ಹಿಡಿದು ಕರೆಯಲು ಬರುತ್ತಿದ್ದ. ಈಗ ನಾಲ್ಕು ವರ್ಷದಿಂದ ಬಂದಿಲ್ಲ. ಯಾಕೆ ಬಂದಿಲ್ಲವೆಂದು ಅವಳು ಕೇಳಿಲ್ಲ. ಕರೆಯಿರೆಂದು ಕೇಳಿ ಕರೆಸಿಕೊಳ್ಳುವಷ್ಟು ಬಿದ್ದುಹೋಗಿದ್ದಾಳೆಯೇ ಅವಳು? ಫೋನಿನಲ್ಲಿ ಅವ್ವ ಸಾತವ್ವನೂ ಅಣ್ಣನಿಗೆ ಕೆಲಸ ಬಹಳ ಅನ್ನುತ್ತಿದ್ದಳೇ ಹೊರತು, ಮಗಳ ಮನೆಯಲ್ಲಿ ಮಾತು ಬೆಳೆದೀತೆಂದು ಹೆದರಿ ಮುಂದೆ ಕೆದಕುತ್ತಿರಲಿಲ್ಲ. ಈಗ ಬಂದದ್ದೂ ಅವ್ವನ ಕಣ್ಣಿನ ಪೊರೆ ತೆಗೆಸಿದ್ದಕ್ಕೆ, ನಾಲ್ಕು ದಿನ ನೋಡಿಕೊಳ್ಳಲೆಂದು. ಕಬ್ಬಿನ ಹಂಗಾಮು. ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಟ್ರ್ಯಾಕ್ಟರ್ ಹೊಡೆಯುವ ದುಂಡೇಶ ಬಾಗಿಲಲ್ಲಿ ತಂಗಿಯನ್ನು ಕಂಡು "ಬಂದಿ?" ಎಂದವನು ಮುಂದೆ ಮಾತೇ ಆಡಿರಲಿಲ್ಲ. ತನ್ನ ತಪ್ಪೇನು ಎಂಬುದೊಂದು ತಿಳಿದರೆ ಸಾಕಾಗಿತ್ತು ಅವಳಿಗೆ. ತಿಳಿಯದೆ ತಿರುಗಿ ಹೋದರೆ ಇನ್ನು ಈ ಮನೆ ಹೊಸ್ತಿಲು ತುಳಿಯುವುದಿಲ್ಲವೆಂದು ಬಸ್ಸಿನಲ್ಲಿ ಬರುವಾಗಲೇ ಗಟ್ಟಿ ಮಾಡಿಕೊಂಡಿದ್ದಳು.

ಅಣ್ಣ ಬಾಯಿ ಬಿಡಲೊಲ್ಲ. ಸರಿ, ರಾಣಿಗೆ ಏನಾಯಿತೆಂದಾದರೂ ನೋಡೋಣ ಎಂದು ವೈಶಾಲಿ ಸೀರೆ ಸಾವರಿಸಿಕೊಂಡು ಹುಡುಗರ ನಡುವೆ ಕುಕ್ಕರುಗಾಲಲ್ಲಿ ಕೂತಳು.

ನೋಡುತ್ತ ಹೋದಂತೆ ಸಿಟ್ಟು ಇಳಿದು ಸೋಜಿಗ ಏರಿತು. ಹೆಸರು ಏಳು ಗುಡ್ಡ, ಕಲ್ಲಿನ ಮೇಲೆ ಇದ್ದದ್ದು ಆರೇ. ಏಳನೆಯದೆಲ್ಲಿ ಎಂದರೆ, ನೀರಿನಲ್ಲಿದೆ ಎಂದರು. ಬೀಳಗಿ ಕಡೆಯ ಮುಳುಗಡೆ ಊರಿಂದ ಬಂದ ಶಿವಪುತ್ರ ಎಂಬ ಹುಡುಗ ಒಂದು ವರ್ಷ ಈ ಓಣಿಯಲ್ಲಿದ್ದನಂತೆ. ಅವನು ಹೊಳೆಯನ್ನು ಹಿಗ್ಗಿಸಿ ಒಂದು ಗುಡ್ಡ ಮುಳುಗಿಸಿ ಹೋಗಿದ್ದ. ಗುಡ್ಡ ಇಲ್ಲ ಅನ್ನುವ ಹಾಗಿಲ್ಲ, ಕಾಣುವ ಹಾಗೂ ಇಲ್ಲ. ಆ ಗುಡ್ಡದ ಜನ ಈಗ ಮಿಕ್ಕ ಆರರಲ್ಲಿ ಹಂಚಿಹೋಗಿ, ಯಾವ ಗುಡ್ಡದಲ್ಲಿ ನಿಂತರೂ ನಮ್ಮದು ಇದಲ್ಲ ಅನ್ನುತ್ತಾರಂತೆ. ವೈರಿ ದೊರೆಯ ಸುದ್ದಿ ತರುತ್ತಿದ್ದ ಗಿಳಿಯ ಕೊರಳಿಗೆ ಯಾರೋ ಮೊಬೈಲ್ ಕಟ್ಟಿದ್ದರು. ಭಲೇ ಮಕ್ಕಳೇ, ಅಂದುಕೊಂಡಳು ವೈಶಾಲಿ.

ಆದರೆ ವೈರಿ? ಅವಳ ಕಾಲದಲ್ಲಿ ಕಪ್ಪು ದೊರೆ ಸದ್ದಿಲ್ಲದ ಒಂದು ಗವಿಯಲ್ಲಿರುತ್ತಿದ್ದ. ಆ ಗವಿಯ ಜಾಗದಲ್ಲಿ ಈಗ ತಗಡಿನ ಮಾಡಿನ ಕೋಟೆ ಎದ್ದಿತ್ತು. ಹಗಲೂ ರಾತ್ರಿ ಅದು ಖಟಖಟ ಅನ್ನುತ್ತಲೇ ಇರುತ್ತದೆ ಎಂದು ಹೇಳಿ ರಾಜಶ್ರೀ ಕಲ್ಲಿನ ಮೇಲೆ ಕವಡೆ ಕುಟ್ಟಿ ತೋರಿಸಿದಳು.

ಆ ಮಗ್ಗದ ಸದ್ದು ವೈಶಾಲಿಗೆ ಗೊತ್ತಿಲ್ಲದ್ದೇ? ಅದರಲ್ಲೇ ಮಲಗಿ ಅದರಲ್ಲೇ ಏಳುವವಳು ಅವಳು.

"ರಾಣಿ ಅಲ್ಲಿಗೆ ಯಾಕ ಹೋದ್ಲು?"

"ಮದಿವಿ ಮಾಡಿ ಕೊಟ್ರು. ಹೋಗಿದ್ದಕ್ಕ ಏನಿಲ್ಲತ್ತಿ. ಕರದ್ರ ಬರಬೇಕಿತ್ತಲ್ಲ?" ರಾಜಶ್ರೀ ತೀರ್ಪು ಹೇಳುವ ಹಿರಿಯಳ ಹಾಗೆ ಕೈ ತಿರುವಿದಳು. "ದೂತ ಉಂಡಿ ತಗೊಂಡು ಕರಿಯಾಕ ಹೋದ. ಬಾಗಲದಾಗ ನಿಂತು ಮೂರ ಸಲ ಕೂಗಿದ. ರಾಣಿ ಒಳಗs ಕುಂತಿದ್ಲು, ಕಣ್ಣಿಗಿ ಕಾಣತಿದ್ಲು. ಬೆನ್ನ ತೋರಿಸಿದ್ಲು, ಹೊಳ್ಳಿ ನೋಡಲಿಲ್ಲ. ದೂತ ಉಂಡಿ ಎಲ್ಲಾ ಹೊಳಿಯಾಗ ಚೆಲ್ಲಿ ಬಂದ."

ಈ ಕಥೆ ಕೂಡಿಸಿದವರು ಯಾರೆಂದು ವೈಶಾಲಿ ಮೆಲ್ಲಗೆ ಕೇಳಿದಳು. ರಾಜಶ್ರೀಯ ಅಪ್ಪನೇ ಹೇಳಿದ್ದಂತೆ, ಒಂದು ಪಂಚಮಿಯ ಸಂಜೆ, ಜೋಕಾಲಿ ಕಟ್ಟುತ್ತ. ರಾಣಿ ಈಗೇಕೆ ಬರುವುದಿಲ್ಲವೆಂದು ಮಗಳು ಬೆನ್ನು ಹತ್ತಿ ಕೇಳಿದಾಗ ಅಷ್ಟು ಹೇಳಿದ್ದ. ಮುಂದಿನದೆಲ್ಲ, ಅಂದರೆ ರಾಣಿ ದೊರೆಯ ಸೈನ್ಯ ಸೇರಿದ್ದು, ತನ್ನ ಕಂಬಳಿಯನ್ನು ಅವನಿಗೆ ಕೊಟ್ಟದ್ದು, ಹುಡುಗರು ಅವರವರ ಸರದಿಯಲ್ಲಿ ಹೆಣೆದದ್ದು.

ಬಂದಿದ್ದ! ಅಣ್ಣ ಬಂದಿದ್ದ, ಬಾಗಿಲ ತನಕ ಬಂದಿದ್ದ, ಅವಳಿಗೆ ಗೊತ್ತೇ ಆಗಿರಲಿಲ್ಲ. ಅವನು ಬರುವುದು ನಿಂತ ಆ ವರ್ಷವೇ ಮನೆಗೆ ಇನ್ನೆರಡು ಮಗ್ಗ ಸೇರಿದ್ದವು. ಅವಳು ಲಾಳಿಗೆ ನೂಲಿನ ಕಂಡಿಕೆ ಸುತ್ತುವ ಜಾಗ ಬಾಗಿಲಿಗೆ ಬೆನ್ನು ಮಾಡಿ ಮಗ್ಗಗಳ ನಡುವೆ ಬಂದಿತ್ತು. ಬೆಳಗಲಿಯ ಹೊಲದಲ್ಲಿ ಒಂದು ಕೂಗು ಹಾಕಿದರೆ ಹತ್ತು ಹೊಲದಾಚೆಯವರು ಓಗೊಡುತ್ತಾರೆ. ಅಂಥಲ್ಲಿ ಬೆಳೆದ ದುಂಡೇಶನಿಗೆ ಮಗ್ಗದ ಮನೆಯ ರೀತಿ ಏನು ತಿಳಿಯಬೇಕು? ಇಬ್ಬರೂ ದಡ್ಡರು, ಇಬ್ಬರಿಗೂ ಮೂಗಿನ ತುದಿಯಲ್ಲಿ ಸಿಟ್ಟು. ನಾಲ್ಕು ಪಂಚಮಿ ಹಾಗೇ ಹಾಳಾಗಿ ಹೋದವು.

ಅಷ್ಟರಲ್ಲಿ ಹೊರಗೆ ಟ್ರ್ಯಾಕ್ಟರ್ ನಿಂತ ಸದ್ದಾಯಿತು. ದುಂಡೇಶ ಅಂಗಳಕ್ಕೆ ಬಂದು ಕಾಲು ತೊಳೆಯಲು ತಂಬಿಗೆ ಎತ್ತಿಕೊಂಡ. ವೈಶಾಲಿ ಅವನ ಕಡೆ ನೋಡಲಿಲ್ಲ. ತನಗೂ ಒಂದು ಸರದಿ ಕೊಡಿರೆಂದು ಹುಡುಗರನ್ನು ಕೇಳಿದಳು. ರಾಣಿಯ ವೇಷ ತನ್ನದು, ಆಡಿ ಬಹಳ ದಿನವಾಯಿತು ಎಂದಳು. ಹುಡುಗರು ಬಾಯಿ ತೆರೆದು ನೋಡಿದರು. ರಾಜಶ್ರೀ ಮಾತ್ರ ಬಿಗಿಯಾಗಿ, ಹಿಂದಿನದನ್ನು ಸುಳ್ಳು ಅನ್ನುವ ಹಾಗಿಲ್ಲ ನೋಡು ಎಂದು ಎಚ್ಚರಿಸಿ ಕವಡೆ ಕೊಟ್ಟಳು.

ಕವಡೆ ಎಷ್ಟು ಬಿತ್ತೆಂದು ಯಾರೂ ನೋಡಲಿಲ್ಲ.

"ಸುಳ್ಳು ಅನ್ನಾಂಗಿಲ್ಲ," ಎಂದಳು ವೈಶಾಲಿ. "ದೂತ ಬಂದಿದ್ದು ಖರೆ. ಕರದಿದ್ದೂ ಖರೆ, ರಾಣಿ ಬೆನ್ನ ತೋರಿಸಿದ್ದೂ ಖರೆ. ಆದ್ರ ಆ ಕ್ವಾಟಿಯೊಳಗ ಕೂಗಿದ್ರ ಯಾರಿಗೂ ಕೇಳಾಂಗಿಲ್ಲ. ಬಾಜೂಕ ಕುಂತವರ ಮಾತೂ ಕೇಳಾಂಗಿಲ್ಲ. ಅಲ್ಲಿ ಯಾರನ್ನರ ಕರೀಬೇಕಂದ್ರ ಹತ್ರ ಹೋಗಿ ಹೆಗಲ ಮುಟ್ಟಬೇಕು. ದೂತಗ ಅದು ಗೊತ್ತಿರಲಿಲ್ಲ. ಅಂವ ಬಂದಿದ್ದು ರಾಣಿಗೆ ಗೊತ್ತಾಗಲಿಲ್ಲ. ಆವತ್ತ ಸಂಜೀತನಾ ಆಕಿ ಹೊಸಾ ಸೀರಿ ಮಡಚಿ ತೊಡಿಮ್ಯಾಲ ಇಟ್ಕೊಂಡು ಕುಂತಿದ್ಲು. ಮುಂದಿನ ವರ್ಷಾನೂ ಹಂಗs ಕುಂತಿದ್ಲು."

ಹುಡುಗರು ಮುಖ ಮುಖ ನೋಡಿಕೊಂಡರು. ರಾಜಶ್ರೀ ಹುಬ್ಬು ಗಂಟಿಕ್ಕಿ, ಎಲ್ಲಾದರೂ ಹಿಂದಿನ ಮಾತು ಮುರಿದಿದೆಯೇ ಎಂದು ಬಹಳ ಹೊತ್ತು ಹುಡುಕಿದಳು. ಮುರಿದಿರಲಿಲ್ಲ. ಕಥೆ ನಡೆಯುತ್ತದೆ ಎಂದು ಒಪ್ಪಿದಳು. ಆದರೂ ರಾಣಿ ಈಗಲೇ ಹೊಳೆ ದಾಟುವ ಹಾಗಿಲ್ಲ, ಮನೆಯವರು ಕರೆದಿಲ್ಲವಲ್ಲ ಎಂದಳು. ಅದೂ ಸರಿಯೇ. ವೈಶಾಲಿ ತಾನೇ ಹಾಕಿದ ಕಟ್ಟು, ತಾನೇ ಹೇಗೆ ಮೀರಿಯಾಳು? ರಾಣಿಯ ಹುಣಸೆ ಬೀಜ ಖಟಖಟದ ಕೋಟೆಯಲ್ಲೇ ಉಳಿಯಿತು.

ಹಿಂದೆ ತಂಬಿಗೆ ಕೆಳಗಿಟ್ಟ ಸದ್ದು ಕೇಳಿಸಿತು. ವೈಶಾಲಿ ತಿರುಗಲಿಲ್ಲ. ತಿರುಗಿದರೆ ಕಣ್ಣೀರು ಕಾಣುತ್ತಿತ್ತು.

ಒದ್ದೆ ಕೈಯೊಂದು ಅವಳ ಹೆಗಲ ಮೇಲೆ ಬಂದು ಕೂತಿತು.

"ವೈಶಾಲಿ," ಎಂದ ದುಂಡೇಶ.

ರಾಜಶ್ರೀಗೆ ಇದು ಸರಿಬರಲಿಲ್ಲ. "ಅಪ್ಪಾ, ನೀ ನಡುವ ಬರಬ್ಯಾಡ. ನೀ ಆಟದಾಗ ಇಲ್ಲ."

"ಅದೀನಿ," ಎಂದ ದುಂಡೇಶ, ಕೈ ತೆಗೆಯದೆ. "ದೂತ ನಾನs."

ರಾಜಶ್ರೀ ಅಪ್ಪನನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಆಮೇಲೆ ಹುಣಸೆ ಬೀಜವನ್ನು ಎತ್ತಿ ಹೊಳೆಯ ಈಚೆ ದಡದಲ್ಲಿಟ್ಟಳು.