ಎಲೆಗೆ ಮುಟ್ಟದ ಸುದ್ದಿ

ಬಸಣ್ಣ ನೀರಿನ ಕೊಡವನ್ನು ಅಡುಗೆಮನೆಯ ಹೊಸ್ತಿಲಿನಲ್ಲಿ ಇಳಿಸುತ್ತಿದ್ದಂತೆ ಪರದೆಯ ಹಿಂದಿನಿಂದ ಒಂದು ಕೈ ಹೊರಬಂದು ಕೊಡದ ಕಂಠವನ್ನು ಹಿಡಿಯಿತು. ಕೈ ಜಿಯಾವುಲ್ಲಾನ ಹೆಂಡತಿ ಸಾಲೇಹಾಳದು.

“ಬಸಣ್ಣ ಭಾಯಿ, ನಿಮ್ಮ ಸಾಹೇಬ್ರು ಬಂದಿದಾರಂತೆ, ಹೌದಾ?”

“ಬಂದಾರ್ರಿ ಭಾಭಿ. ಗಲ್ಲಿ ತುದಿಗೆ ಕಾರ್ ಬಿಟ್ಟು ನಡಕೊಂಡು ಬರ್ಲಕತ್ತಾರ.”

“ಯಾಕ್ ಬಂದ್ರು?”

ಬಸಣ್ಣ ಒಳಕ್ಕೆ ಕಣ್ಣು ಹಾಯಿಸಿದನು. ಒಳಕೋಣೆಯಲ್ಲಿ ಜಿಯಾವುಲ್ಲಾನ ದೇಹವನ್ನು ಹಲಗೆಯ ಮೇಲೆ ಮಲಗಿಸಿ, ಸ್ನಾನ ಮಾಡಿಸುವ ಹಿರಿಯರು ತೋಳು ಮಡಿಸಿಕೊಂಡು ಕಾಯುತ್ತಿದ್ದರು. ಒಲೆಯ ಮೇಲೆ ಬೋರೆ ಎಲೆ ಹಾಕಿದ ನೀರು ಕುದಿಯುತ್ತಿತ್ತು. ಶಿವಾಜಿನಗರದ ಆ ಗಲ್ಲಿ ಎಷ್ಟು ಕಿರಿದೆಂದರೆ, ಶವ ಹೊರುವ ಜನಾಜಾ ಮಂಚವನ್ನು ಓರೆಯಾಗಿ ಎತ್ತಿ ತಂದು ಬಾಗಿಲ ಮುಂದೆ ಇಟ್ಟಿದ್ದರು.

“ಮಾಫಿ ಕೊಡೋಕೆ ಬಂದಿದಾರೆ,” ಎಂದಳು ಸಾಲೇಹಾ. “ನಮ್ಮ ಹುಡುಗ ಸೈಫ್ ಈಗ್ಲೇ ಹೇಳಿ ಹೋದ. ಖುಷಿಯಾಗಿದಾನೆ ಅವನು. ಎಲ್ಲರ ಮುಂದೆ ನಿಂತು, ಆ ಗಿಡ ಸಾಯಿಸಿದ್ದಕ್ಕೆ ಮಾಫ್ ಮಾಡಿದೀನಿ ಅಂತಾರಂತೆ.”

ದೇಹವನ್ನು ಎತ್ತುವ ಮೊದಲು ಮಗನಾದವನು ನೆರೆದವರನ್ನು ಕೇಳುವ ಪದ್ಧತಿಯೊಂದು ಉಂಟು. ನಮ್ಮ ತಂದೆಯಿಂದ ಯಾರ ಮನಸ್ಸಿಗಾದರೂ ನೋವಾಗಿದ್ದರೆ ಕ್ಷಮಿಸಿಬಿಡಿ ಎನ್ನುತ್ತಾನೆ. ನೆರೆದವರು ಕ್ಷಮಿಸಿದೆವು ಎನ್ನುತ್ತಾರೆ. ಆ ಮಾತು ಬಾಕಿ ಉಳಿದರೆ ಸತ್ತವನ ಎದೆಯ ಮೇಲೆ ಮಣ್ಣಿಗಿಂತ ಅದೇ ಭಾರವಾಗುತ್ತದೆಂದು ಹಿರಿಯರು ಹೇಳುತ್ತಾರೆ.

“ಇವ್ರು ಮಾಡದೇ ಇದ್ದಿದ್ದಕ್ಕೆ ಮಾಫಿ ತಗೊಂಡು ಮಣ್ಣಿಗೆ ಹೋಗ್ಬೇಕಾ?” ಸಾಲೇಹಾಳ ಕೈ ಕೊಡವನ್ನು ಬಿಟ್ಟಿರಲಿಲ್ಲ. “ನಾನು ಬಾಯಿ ಬಿಡಲ್ಲ ಅಂತ ಇವ್ರಿಗೆ ಮಾತು ಕೊಟ್ಟಿದೀನಿ. ನಿಮಗೆ ಹೇಳಿ ಅಂತಾನೂ ಹೇಳಲ್ಲ. ನಿಮ್ಮ ಅಯ್ಯಮ್ಮಂದು, ಮಕ್ಕಳದು ನೀವು ನೋಡ್ಕೋಬೇಕು. ಆದ್ರೆ ಇಲ್ಲಿಂದ ಹೋಗ್ಬೇಡಿ. ಇಲ್ಲೇ ನಿಂತು ಕೇಳಿ.”

ಕೊಡ ಪರದೆಯ ಹಿಂದಕ್ಕೆ ಹೋಯಿತು.

ಹೊರಗೆ ಬೆಂಚಿನ ಮೇಲೆ ರಸೆಲ್ ಮಾರುಕಟ್ಟೆಯ ಹಣ್ಣಿನ ವ್ಯಾಪಾರಿ ಖಾದರ್ ಪಕ್ಕದವರಿಗೆ ಸತ್ತವನ ಕಥೆ ಹೇಳುತ್ತಿದ್ದ.

“ಗಿಡ ಬೆಳೆಸೋಕೆ ಸಂಬಳ ತಗೊಳ್ಳೋರು ಕಬ್ಬನ್ ಪಾರ್ಕ್ ತುಂಬಾ ಇದಾರೆ ಗುರು. ಬೆಳೀದೇ ಇರೋ ಹಂಗೆ ನೋಡ್ಕೊಳ್ಳೋಕೆ ಸಂಬಳ ತಗೊಂಡೋನು ನಮ್ಮ ಜಿಯಾ ಒಬ್ನೇ! ಮೊಣಕಾಲುದ್ದದ ಮರ. ‘ವಯಸ್ಸೆಷ್ಟೋ ಇದಕ್ಕೆ?’ ಅಂದ್ರೆ, ‘ನಿನ್ನ ಮದುವೆಗಿಂತ ಹಳೇದು, ನಿನ್ನ ಹೆಂಡತಿಗಿಂತ ಕಮ್ಮಿ ಕಾಟ’ ಅನ್ನೋನು.”

ಒಂದಿಬ್ಬರು ನಕ್ಕು, ಒಳಗಿನಿಂದ ನೀರು ಸುರಿಯುವ ಸದ್ದು ಕೇಳಿ ಬಾಯಿ ಮುಚ್ಚಿಕೊಂಡರು.

*

ಬಸಣ್ಣನ ಸಾಹೇಬರಾದ ಕುಕ್ ಟೌನಿನ ಅಂಜನಮೂರ್ತಿಗಳು ಕಾರ್ಖಾನೆಯ ಕೆಲಸದ ಮೇಲೆ ಜಪಾನಿಗೆ ಹೋಗಿ ಒಂದು ವರ್ಷ ಇದ್ದು ಬಂದವರು. ಬಂದ ಮೇಲೆ ಬಂಗಲೆಯ ಹಿಂಭಾಗದ ಗುಲಾಬಿಗಳನ್ನೆಲ್ಲ ಕೀಳಿಸಿ, ಬಿಳಿಯ ಜಲ್ಲಿ ಹರಡಿ, ಅದರ ಮೇಲೆ ಕುಂಟೆಯಿಂದ ಅಲೆಗಳನ್ನು ಗೀರಿಸಿ, ಬಂಡೆಗಳ ನಡುವೆ ಸೂಜಿಯೆಲೆಯ ಕುಳ್ಳ ಗಿಡಗಳನ್ನು ನೆಡಿಸಿದರು. ಅವುಗಳಲ್ಲಿ ಹಿರಿಯದು ಒಂದು ಜುನಿಪರ್. ಅದರ ಕಾಂಡ ಗಾಳಿಗೆ ಬೆನ್ನು ಕೊಟ್ಟು ಕುಳಿತ ಮುದುಕನಂತೆ ಬಾಗಿತ್ತು. ತೋಟದ ಮಾಲಿ ಜಿಯಾವುಲ್ಲಾ ಅದಕ್ಕೆ ಕತ್ತರಿ ತಾಗಿಸುತ್ತಿರಲಿಲ್ಲ. ಕತ್ತರಿಸಿದ ಎಲೆಯ ತುದಿ ಕಂದುಗಟ್ಟುತ್ತದೆ. ಬೆಳಗಿನ ಹೊತ್ತು ಮಂಡಿಯೂರಿ ಕುಳಿತು ಎಳೆಯ ಚಿಗುರನ್ನು ಉಗುರು ಮತ್ತು ಬೆರಳ ನಡುವೆ ಹಿಡಿದು ಎಳೆದು ತೆಗೆಯುತ್ತಿದ್ದನು. ಯಾದಗಿರಿಯ ಕಡೆಯಿಂದ ಬಂದ ಬಸಣ್ಣ ಅವನ ಕೈಕೆಳಗೆ ಕೆಲಸ ಕಲಿತು, ಹೆಂಡತಿ ಅಯ್ಯಮ್ಮನೊಡನೆ ಅದೇ ಬಂಗಲೆಯ ಔಟ್‌ಹೌಸಿನಲ್ಲಿ ಬಿಡಾರ ಹೂಡಿದ್ದನು.

ತೊಂಬತ್ತೆರಡರ ರಂಜಾನ್ ಸುಡುವ ಬೇಸಿಗೆಯಲ್ಲಿ ಬಂದಿತು. ಕೊನೆಯ ಹತ್ತು ದಿನ ಜಿಯಾವುಲ್ಲಾ ಮಸೀದಿಯಲ್ಲಿ ಏತಿಕಾಫ್ ಕುಳಿತನು. ಹಾಗೆ ಕುಳಿತವರು ಹಬ್ಬದ ಚಂದ್ರ ಕಾಣುವವರೆಗೆ ಮಸೀದಿಯ ಮೆಟ್ಟಿಲಿಳಿಯುವಂತಿಲ್ಲ. ಅದೇ ವಾರ ಅಂಜನಮೂರ್ತಿಗಳ ಮನೆಗೆ ಜಪಾನಿನ ಅತಿಥಿಗಳು ಬರುವವರಿದ್ದರು. ಹೊಸದಾಗಿ ಕಿಟಕಿ ಇಡಿಸಿದ ಹಜಾರದಿಂದ ನೋಡಿದರೆ ಜುನಿಪರಿನ ಬೆನ್ನು ಕಾಣುತ್ತಿತ್ತು.

“ಬಸಣ್ಣ, ಅದನ್ನ ಈ ಕಡೆ ತಿರುಗಿಸಿಬಿಡು. ಮುಖ ಕಿಟಕಿಗೆ ಬರಲಿ.”

“ಭಾಯಿ ಬರ್ಲಿ ಅಲ್ರೀ ಸಾಹೇಬ್ರೆ.”

“ಅವನು ಬರೋ ಹೊತ್ತಿಗೆ ಅತಿಥಿಗಳು ಹೋಗಿರ್ತಾರೆ. ತಿರುಗಿಸೋದು ತಾನೆ? ಕೊಲ್ಲು ಅಂತ ಹೇಳ್ತಿದೀನಾ?”

ಬಸಣ್ಣ ಸುತ್ತ ಅಗೆದನು. ಗಿಡ ಅಲುಗಲಿಲ್ಲ. ತೋಳಿನಷ್ಟು ದಪ್ಪದ ಬೇರೊಂದು ಬಂಡೆಯ ಅಡಿಗೆ ಹೋಗಿತ್ತು. ಅವನು ಹಾರೆ ಎತ್ತಿ ಹಾಕಿ ಬೇರನ್ನು ಕಡಿದನು. ಗಿಡ ತಿರುಗಿತು. ಮಣ್ಣು ತುಂಬಿ, ಹಾವಸೆ ಹೊದಿಸಿ, ನೀರು ಹಾಕಿದ್ದಾಯಿತು. ಅತಿಥಿಗಳು ಬಂದು ಫೋಟೋ ತೆಗೆದುಕೊಂಡು ಹೋದರು. ಬೇರಿನ ಸಂಗತಿಯನ್ನು ಬಸಣ್ಣ ಯಾರಿಗೂ ಹೇಳಲಿಲ್ಲ.

ಹಬ್ಬದ ಮರುದಿನ ಜಿಯಾವುಲ್ಲಾ ಒಂದು ಕೈಯಲ್ಲಿ ಶೀರ್‌ಖುರ್ಮಾ ಪಾಯಸದ ಡಬ್ಬಿ ಹಿಡಿದು ಬಂದವನು ಡಬ್ಬಿಯನ್ನು ಜಲ್ಲಿಯ ಮೇಲೆಯೇ ಇಟ್ಟುಬಿಟ್ಟನು. ಜುನಿಪರಿನ ಬುಡವನ್ನು ಎರಡು ಬೆರಳಿನಿಂದ ಮೆಲ್ಲನೆ ಅಲುಗಿಸಿ ನೋಡಿದನು.

“ಹಾರೆ ಹಾಕಿದೀಯಾ?”

“ಹಸಿರೇ ಅದಲ್ರೀ ಭಾಯಿ! ನೋಡ್ರಿ, ಒಂದು ಎಲಿ ಬಾಡಿಲ್ಲ.”

“ಈ ಜಾತಿ ಹಂಗೇ ಬಸಣ್ಣ. ಬೇರು ಸತ್ತ ಸುದ್ದಿ ಎಲೆಗೆ ತಡವಾಗಿ ಮುಟ್ಟತ್ತೆ. ತಿಂಗಳಾಗ್ಬೋದು, ಎರಡಾಗ್ಬೋದು.”

ಔಟ್‌ಹೌಸಿನಲ್ಲಿ ಅಯ್ಯಮ್ಮನ ಬಾಣಂತನ ಇನ್ನೂ ಮುಗಿದಿರಲಿಲ್ಲ; ಕೂಸಿನ ಅಳು ಅಲ್ಲಿಗೆ ಕೇಳುತ್ತಿತ್ತು. ಜಿಯಾವುಲ್ಲಾ ಆ ಕಡೆಗೆ ಒಮ್ಮೆ ನೋಡಿದನು.

“ಸಾಹೇಬ್ರು ಕೇಳಿದ್ರೆ ನಾನು ಮಾತಾಡ್ತೀನಿ. ನೀನು ಮಾತ್ರ ತುಟಿ ಬಿಚ್ಚಬೇಡ. ನನಗೆ ಶಿವಾಜಿನಗರದಲ್ಲಿ ಒಂದು ಸೂರಿದೆ. ನಿನಗೆ ಇದು ಬಿಟ್ರೆ ಎಲ್ಲಿದೆ?”

ಗಿಡಕ್ಕೆ ಗೋಣಿಯ ನೆರಳು ಕಟ್ಟಿದನು. ಎಲೆಗಳ ಮೇಲೆ ಹೊತ್ತುಹೊತ್ತಿಗೆ ನೀರು ಚಿಮುಕಿಸಿದನು. ಮೇ ಕಳೆಯುವ ಹೊತ್ತಿಗೆ ಜುನಿಪರ್ ಒಳಗಿನಿಂದ ತುಕ್ಕು ಹಿಡಿದಂತೆ ಕೆಂಪಾಯಿತು. ಅಂಜನಮೂರ್ತಿಗಳ ದೃಷ್ಟಿಯಲ್ಲಿ ಸಂಗತಿ ಸರಳವಾಗಿತ್ತು: ತಿರುಗಿಸಿದ ಮೇಲೂ ಹಸಿರಾಗಿದ್ದ ಗಿಡ ಜಿಯಾವುಲ್ಲಾ ಮರಳಿ ಬಂದು ನೀರು ಹಾಕತೊಡಗಿದ ಮೇಲೆ ಸತ್ತಿತು.

“ನೀರು ಹಾಕಿ ಹಾಕಿ ಕೊಳೆಸಿದೆಯಲ್ಲಯ್ಯ! ನಿನ್ನ ಕೈಯಿಂದಲೇ ಹೋಯ್ತಲ್ಲ!”

“ನನ್ನ ಕೈಲೇ ಹೋಯ್ತು ಸಾಹೇಬ್,” ಎಂದನು ಜಿಯಾವುಲ್ಲಾ.

ಗಿಡ ಕೊಂದವನು ಎಂಬ ಹೆಸರು ಬಂಗಲೆಯಿಂದ ಬಂಗಲೆಗೆ ಕಾಂಪೌಂಡ್ ಹಾರಿತು. ಆಮೇಲೆ ಅವನನ್ನು ಯಾರೂ ತೋಟಕ್ಕೆ ಸೇರಿಸಲಿಲ್ಲ. ಸಾಯುವವರೆಗೂ ತಳ್ಳುಗಾಡಿಯಲ್ಲಿ ತುಳಸಿ, ಸೇವಂತಿಗೆಯ ಸಸಿಗಳನ್ನಿಟ್ಟುಕೊಂಡು ಕೋಲ್ಸ್ ಪಾರ್ಕಿನ ಬಳಿ ನಿಲ್ಲುತ್ತಿದ್ದನು.

*

ಬಿಳಿಯ ಕಫನ್ ಬಟ್ಟೆ ಸುತ್ತಿದ ದೇಹವನ್ನು ಹೊರಗೆ ತಂದು ಮಂಚದ ಮೇಲಿಟ್ಟರು. ಅತ್ತರಿನ ಮತ್ತು ಕರ್ಪೂರದ ವಾಸನೆ ಗಲ್ಲಿಯ ಎರಡು ಗೋಡೆಗಳ ನಡುವೆ ನಿಂತಿತು. ಅಂಜನಮೂರ್ತಿಗಳು ಚಪ್ಪಲಿ ಬಿಟ್ಟು ಮುಂದಿನ ಸಾಲಿಗೆ ಬಂದು ನಿಂತಿದ್ದರು.

ಬಸಣ್ಣ ಸೈಫನ ತೋಳು ಹಿಡಿದನು. “ಸೈಫ್, ಸಾಹೇಬ್ರಿಗೆ ಮಾತಾಡ್ಲಕ ಬಿಡಬ್ಯಾಡಪ್ಪ.”

“ಏನ್ ಚಾಚಾ ನೀವೂ! ಅಮ್ಮಿ ನೋಡಿದ್ರೆ ಅಡುಗೆಮನೇಲಿ ಬೈತಾ ಇದಾರೆ. ಅವರಾಗೇ ಬಂದಿದಾರೆ. ಅವರ ಮನಸ್ಸಲ್ಲಿ ಉಳಿದುಬಿಟ್ರೆ ಅಬ್ಬಾಗೆ ಅಲ್ಲಿ ಕಷ್ಟ. ನಾನು ಮಗ, ನಾನು ಕೇಳ್ಬೇಕು.”

ಅವನ ಕಣ್ಣು ಊದಿಕೊಂಡಿತ್ತು. ಅವನು ತಂದೆಯನ್ನು ಆ ಭಾರದಿಂದ ಬಿಡಿಸಲು ಹೊರಟಿದ್ದನು; ಅದರಲ್ಲಿ ಕಪಟವಿರಲಿಲ್ಲ. ಬಸಣ್ಣನ ಕೈ ಸಡಿಲವಾಯಿತು.

“ನಮ್ಮ ಅಬ್ಬಾ ಯಾರಿಗಾದ್ರೂ ನೋವು ಮಾಡಿದ್ರೆ,” ಸೈಫ್ ದನಿ ಎತ್ತರಿಸಿದನು, “ಅಲ್ಲಾಹ್‌ಗೋಸ್ಕರ ಮಾಫ್ ಮಾಡಿ.”

“ಮಾಫ್ ಮಾಡಿದ್ವಿ,” ಎಂದಿತು ಗಲ್ಲಿ.

“ಮಾವಿನ ಸಸಿ ಅಂತ ನನಗೆ ಏನೋ ಕಾಡುಗಿಡ ಕೊಟ್ಟಿದ್ದ,” ಎಂದು ಖಾದರ್ ಕಣ್ಣೊರೆಸಿಕೊಂಡನು. “ಅದೂ ಮಾಫ್, ಮಗಾ.”

ಅಂಜನಮೂರ್ತಿಗಳು ಗಂಟಲು ಸರಿಮಾಡಿಕೊಂಡರು. “ನಾನೂ ಒಂದು ಮಾತು ಹೇಳಬೇಕು. ಜಿಯಾವುಲ್ಲಾ ನಮ್ಮ ತೋಟದಲ್ಲಿ...”

ಅಡುಗೆಮನೆಯ ಪರದೆ ಅಲುಗಿತು. ಬಸಣ್ಣ ಅದನ್ನು ನೋಡಿದನು. ಔಟ್‌ಹೌಸಿನ ಬಾಗಿಲು, ಶಾಲೆಗೆ ಹೋಗುವ ಮಕ್ಕಳು, ಮತ್ತೆ ಗಂಟು ಕಟ್ಟಬೇಕಾದ ಅಯ್ಯಮ್ಮ, ಎಲ್ಲವೂ ಅವನ ಕಣ್ಣ ಮುಂದೆ ಬಂದಿರಬೇಕು. ಬಾಯಿ ತೆರೆದಾಗ ದನಿ ತನ್ನದಲ್ಲವೆನ್ನುವಷ್ಟು ಒರಟಾಗಿತ್ತು.

“ಸಾಹೇಬ್ರೆ, ನಿಂದರ್ರಿ. ಆ ಮಾತು ಅವರಿಗೆ ಹೇಳಬ್ಯಾಡ್ರಿ.”

“ಯಾಕೋ?”

“ಬೇರು ಕಡದಾಂವ ನಾ.”

“ಯಾವ ಬೇರು?”

“ನೀವು ತಿರುಗಿಸು ಅಂದ್ರಿ. ತಿರುಗವಲ್ದಾಗಿತ್ತು. ಹಾರಿ ಹಾಕಿದೆ. ಭಾಯಿ ಮಸೀದ್ಯಾಗ ಕುಂತಿದ್ರು.”

“ಅದಾದ ಮೇಲೂ ತಿಂಗಳುಗಟ್ಟಲೆ ಹಸಿರಾಗಿತ್ತಲ್ಲೋ ಅದು! ನಾನೇ ದಿನಾ ನೋಡ್ತಿದ್ದೆ.”

“ಹಸಿರಾಗೇ ಸತ್ತಿತ್ರೀ. ಬಂದ ದಿನಾನೇ ಭಾಯಿಗೆ ತಿಳೀತು. ನನ್ನ ಮಕ್ಕಳ ಸಲುವಾಗಿ ಸುಮ್ಮನಾದ್ರು.”

ಸೈಫ್ ಪರದೆಯ ಕಡೆಗೆ ತಿರುಗಿದನು. “ಅಮ್ಮಿ, ನಿಮಗೆ ಗೊತ್ತಿತ್ತಾ?”

ಪರದೆಯ ಹಿಂದಿನಿಂದ ಸಾಲೇಹಾಳ ದನಿ ಬಂದಿತು. “ಎತ್ತು ಬೇಟಾ. ಈಗ ಎತ್ತು.”

ಮುಂದಿನದನ್ನು ಅಲ್ಲಿದ್ದವರೆಲ್ಲ ಒಂದೇ ಬಗೆಯಾಗಿ ಹೇಳುವುದಿಲ್ಲ. ಅಂಜನಮೂರ್ತಿಗಳು ಅಳುತ್ತ ಕೈಮುಗಿದರೆಂದು ಮಾರುಕಟ್ಟೆಯ ಹೂವಿನವರು ಹೇಳುವುದುಂಟು. ಮನೆಯವರು ಅದನ್ನು ಒಪ್ಪುವುದಿಲ್ಲ. ಅವರ ಪ್ರಕಾರ ಸಾಹೇಬರು ಚಪ್ಪಲಿಯನ್ನೂ ಹುಡುಕದೆ ಮಂಚದ ಕಡೆಗೆ ಸರಿದರು. ಜನರು ಕಲಿಮಾ ಹೇಳುತ್ತಿದ್ದಂತೆ ಜನಾಜಾ ಎದ್ದಿತು. ಬಸಣ್ಣ ಮಂಚದ ಮುಂದಿನ ಬಲಗಾಲಿಗೆ ಹೆಗಲು ಕೊಟ್ಟನು.

ಹೊರುವವರು ಕೆಲವು ಹೆಜ್ಜೆಗೊಮ್ಮೆ ಹೆಗಲು ಬದಲಿಸುವುದು ವಾಡಿಕೆ; ಎಲ್ಲರಿಗೂ ಪಾಲು ಸಿಗಬೇಕು. ಮುಖ್ಯರಸ್ತೆಯ ತಿರುವಿನಲ್ಲಿ ಬಸಣ್ಣ ಜಾಗ ಬಿಟ್ಟು ಸರಿದಾಗ, ಅವನ ಹಿಂದೆ ಬರಿಗಾಲಿನಲ್ಲಿ ನಿಂತಿದ್ದವರು ಅಂಜನಮೂರ್ತಿಗಳು. ಇಬ್ಬರ ಕಣ್ಣುಗಳೂ ಒಮ್ಮೆ ಕೂಡಿದವು. ಅವರು ಮಂಚದ ಕಾಲಿನಡಿಗೆ ಹೆಗಲು ತಂದರು.

ಉಳಿದ ಮೂವರಿಗಿಂತ ಅವರು ಗೇಣುದ್ದ ಎತ್ತರ. ಜನಾಜಾ ಒಂದು ಕಡೆಗೆ ವಾಲಿತು.

“ಬಿಡಿ ಸಾಹೇಬ್, ನೀವು ಉದ್ದ ಇದೀರ. ಯಾರಾದ್ರೂ ಬೇರೆಯವರು ಹಿಡ್ಕೊಳ್ಳಿ,” ಎಂದು ಯಾರೋ ಕೂಗಿದರು.

ಅವರು ಬಿಡಲಿಲ್ಲ. ಮೊಣಕಾಲುಗಳನ್ನು ಬಗ್ಗಿಸಿದರು. ಮಂಚ ಮೆಲ್ಲನೆ ಸಮಕ್ಕೆ ಬಂದಿತು. ಬಸ್ಸುಗಳು ನಿಂತುಕೊಂಡ ಆ ರಸ್ತೆಯಲ್ಲಿ, ನಡುಗುವ ಮೀನಖಂಡಗಳ ಮೇಲೆ, ಅರ್ಧ ಕುಳಿತಂತೆ ಕುಗ್ಗಿದ ಆ ಎತ್ತರದ ಮನುಷ್ಯ ಖಬರಸ್ತಾನದ ಗೇಟಿನವರೆಗೆ ಯಾರಿಗೂ ಹೆಗಲು ಬಿಟ್ಟುಕೊಡದೆ ನಡೆದನು.