ನಾಲ್ಕು ಕ್ರೆಡಿಟ್ಟು

ಪೆನ್ನಿನ ಕ್ಯಾಪು ಮೇಜಿನ ಗಾಜಿಗೆ ತಾಗುತ್ತಿದೆ, ಟಕ್, ಟಕ್, ಬೇಗ ಮುಗಿಸಮ್ಮಾ ಎನ್ನುವ ಹಾಗೆ, ಪ್ರಿನ್ಸಿಪಾಲ್ ಮಲ್ಲಿಕಾರ್ಜುನ ಸರ್ ಸುಮ್ಮನಿದ್ದಾರೆ, ಅವರ ಪರವಾಗಿ ಕ್ಯಾಪು ಮಾತಾಡುತ್ತಿದೆ, ನನ್ನ ಮುಂದೆ ಅವರೇ ಟೈಪು ಮಾಡಿಸಿದ ಪತ್ರ, ಅಂತಿಮ ಬಿ.ಎ. ವಿದ್ಯಾರ್ಥಿನಿ ಕೋಮಲಾ ಕೆ. ಆದ ನಾನು ಆನ್‌ಲೈನಿನಲ್ಲಿ ಪಡೆದ ಅಂತಾರಾಷ್ಟ್ರೀಯ ಸಂಬಂಧಗಳ ಸರ್ಟಿಫಿಕೇಟನ್ನು ಸ್ವಇಚ್ಛೆಯಿಂದ ಹಿಂದಕ್ಕೆ ಪಡೆಯುತ್ತೇನೆ — ಸ್ವಇಚ್ಛೆಯಂತೆ, ಇಚ್ಛೆ ನನ್ನದು, ಟೈಪು ಅವರದು — ಇದಕ್ಕೆ ಸೈನ್ ಹಾಕಿದರೆ ನಾಲ್ಕು ಕ್ರೆಡಿಟ್ಟು ಹೋಯಿತು, ನಾಲ್ಕು ಹೋದರೆ ಈ ವರ್ಷ ಡಿಗ್ರಿ ಇಲ್ಲ, ಡಿಗ್ರಿ ಇಲ್ಲದೆ ಎಂ.ಎ. ಅರ್ಜಿ ಇಲ್ಲ, ಅರ್ಜಿಗೆ ಇನ್ನು ಒಂಬತ್ತೇ ದಿನ. ಪಕ್ಕದಲ್ಲಿ ಅಪ್ಪ ನಿಂತಿದ್ದಾರೆ, ಪೋಷಕರನ್ನು ಕರ್ಕೊಂಡು ಬಾ ಎಂದಿದ್ದರಲ್ಲ, ಬೀರೂರಿನಲ್ಲಿ ಹಳಿ ಕೆಲಸ ಮುಗಿಸಿ ಕಿತ್ತಳೆ ಜಾಕೆಟ್ಟಿನಲ್ಲೇ ತರೀಕೆರೆ ರೈಲು ಹತ್ತಿ ಬಂದಿದ್ದಾರೆ, ಎದುರಿಗೆ ಎರಡು ಕುರ್ಚಿ ಖಾಲಿ, ಕೂತ್ಕೊಳ್ಳಿ ಎಂದು ಯಾರೂ ಹೇಳಲಿಲ್ಲ, ಇವರೂ ಕೂರಲಿಲ್ಲ, ಅಪ್ಪಾ ಕೂತ್ಕೋ ಎನ್ನಲು ನನಗೆ ಬಾಯಿ ಬಂದಿದ್ದರೆ! ಸೈನ್ ಹಾಕ್ಬಿಡು ಮಗಾ, ದೊಡ್ಡೋರು ಹೇಳ್ತಾವ್ರೆ, ಒಂದು ವರ್ಸ ತಾನೇ — ಅಪ್ಪನ ದನಿ ಇಷ್ಟು ಸಣ್ಣದಾದದ್ದನ್ನು ನಾನು ಕೇಳಿಲ್ಲ, ದೂರದಿಂದ ಗಾಡಿ ಬಂತು ಪಕ್ಕಕ್ಕೆ ಸರೀರಿ ಎಂದು ಹಳಿಯ ಮೇಲಿನ ಹತ್ತು ಜನಕ್ಕೂ ಕೇಳುವಂತೆ ಕೂಗುವ ಗಂಟಲು ಅದು.

ಒಂದು ವರ್ಷ ತಾನೇ, ಆ ಕೋರ್ಸು ಹನ್ನೆರಡು ವಾರ ತಾನೇ, ಬೀರೂರು–ತರೀಕೆರೆ ರೈಲಿನಲ್ಲಿ ದಿನಕ್ಕೆ ಎರಡು ಸಲ ಕಿಟಕಿಗೆ ಬೆನ್ನು ಹಾಕಿ ಕೂತು, ದಾರಿಯಲ್ಲಿ ನೆಟ್‌ವರ್ಕು ಸತ್ತುಹೋಗುತ್ತದೆಂದು ವಿಡಿಯೋಗಳನ್ನೆಲ್ಲ ಮೊದಲೇ ಇಳಿಸಿಕೊಂಡು, ದೆಹಲಿಯ ಆ ಪ್ರೊಫೆಸರು ನಿಲ್ಲದ ಗಾಡಿಯ ಹಾಗೆ ಮಾತಾಡುತ್ತಿದ್ದರು, ಒಂದು ವಾಕ್ಯಕ್ಕೆ ಮೂರು ಸಲ ನಿಲ್ಲಿಸುತ್ತಿದ್ದೆ, ಸಾವರಿನ್ಟಿ ಎಂದು ಕನ್ನಡದಲ್ಲಿ ಬರೆದುಕೊಂಡು ಅದರ ಕೆಳಗೆ — ನಮ್ಮ ಮನೆಯಲ್ಲಿ ನಾವೇ ಯಜಮಾನರು — ಎಂದು ಅರ್ಥ ಬರೆದಿದ್ದೆ, ಏ ಕೋಮ್ಲಾ, ಯೋಗದ ಕೋರ್ಸು ತಗೊಳ್ಳೇ, ಉಸ್ರು ಎಳ್ಕೊಂಡು ಬಿಟ್ರೆ ಪಾಸು ಎಂದು ಗೆಳತಿ ಭವ್ಯ ನಕ್ಕಿದ್ದಳು, ನಾನೂ ನಕ್ಕಿದ್ದೆ, ಆದರೆ ಬಿಡಲಿಲ್ಲ, ಯಾಕೆ ಬಿಡಬೇಕು? ಪರೀಕ್ಷೆ ದೂರದ ಸೆಂಟರಿನಲ್ಲಿ, ತಲೆಯ ಮೇಲೆ ಕ್ಯಾಮೆರಾ, ಕೈಯಲ್ಲಿ ಆಧಾರ್ ಕಾರ್ಡು, ಓಲೆ ಸಹ ಬಿಚ್ಚಿಸಿದರು, ಬಂದದ್ದು ಎಂಬತ್ತೆಂಟು. ಇಂಗ್ಲಿಷಲ್ಲಿ ಐವತ್ತೊಂದು ತಗೊಂಡೋಳಿಗೆ ಇದ್ರಲ್ಲಿ ಎಂಬತ್ತೆಂಟು ಹೆಂಗೆ ಬತ್ತದಮ್ಮಾ, ಯಾರ್ ಬರ್ಕೊಟ್ರು, ಎಂದರು ಮಲ್ಲಿಕಾರ್ಜುನ ಸರ್, ನಾನು ಕ್ರೆಡಿಟ್ ವರ್ಗಾವಣೆಯ ಫಾರ್ಮಿಗೆ ಸಹಿ ಕೇಳಲು ಹೋದ ಮೊದಲ ದಿನ, ಎರಡನೆಯ ದಿನ, ಅಂತಾರಾಷ್ಟ್ರೀಯ ಸಂಬಂಧ ಕಟ್ಕೊಂಡು ನಿಮ್ಮಂಥೋರಿಗೆ ಏನಾಗ್ಬೇಕಮ್ಮಾ. ನಿಮ್ಮಂಥೋರು. ಆ ಮಾತನ್ನು ನಮ್ಮ ಕೇರಿಯವರು ಯಾರೂ ಬಿಡಿಸಿ ಹೇಳಿಸಿಕೊಳ್ಳಬೇಕಿಲ್ಲ.

ಏನಮ್ಮಾ ಯೋಚ್ನೆ, ಎಂದರು ಸರ್, ಕ್ಯಾಪು ನಿಂತಿತು, ನೀನೇ ಓದಿದ್ದು ಅನ್ನೋದಾದ್ರೆ ಹೇಳು, ಮಂಗೋಲಿಯಾ ರಾಜಧಾನಿ ಯಾವ್ದು? ಗೊತ್ತು, ಉಲಾನ್‌ಬಾತರ್, ನಾಲಿಗೆಯ ತುದಿಯಲ್ಲೇ ಇದೆ, ಕೊಡುವುದಿಲ್ಲ, ಒಂದನ್ನು ಕೊಟ್ಟರೆ ಮುಂದಿನದು ಪೆರು, ಅದರ ಮುಂದಿನದು ಚಾಡ್, ನಾನು ತಪ್ಪುವ ತನಕ ಕೇಳುತ್ತಾರೆ — ಅದು ಈ ವಿಷಯ ಅಲ್ಲ ಸಾರ್, ಎಂದೆ, ರಾಜಧಾನಿ ಗೊತ್ತಿರೋದು ಬೇರೆ, ದೇಶಗಳು ಯಾಕೆ ಜಗಳ ಆಡ್ತವೆ ಯಾಕೆ ರಾಜಿ ಆಗ್ತವೆ ಅನ್ನೋದು ಬೇರೆ. ಅಪ್ಪ ನನ್ನ ದುಪಟ್ಟಾ ಜಗ್ಗಿದರು. ಅಷ್ಟು ಹೊತ್ತಿಗೆ ಹಾಜರಿ ಪುಸ್ತಕಕ್ಕೆಂದು ಕೃತಿಕಾ ಮೇಡಂ ಒಳಗೆ ಬಂದರು, ರಾಜ್ಯಶಾಸ್ತ್ರ ಹೇಳುವವರು, ನಾನು ಅವರ ಕಡೆ ತಿರುಗಿದೆ, ಮೇಡಂ, ನೀವೇ ಕೇಳಿ, ಸರ್ ಎದುರಿಗೇ ಕೇಳಿ, ಉತ್ತರ ಬರ್ದೇ ಹೋದ್ರೆ ಈಗ್ಲೇ ಸೈನ್ ಹಾಕ್ತೀನಿ. ಮೇಡಂ ಪತ್ರ ಓದಿದರು, ಸರ್ ಮುಖ ನೋಡಿದರು, ನಿಂತೇ ಕೇಳಿದರು, ನದಿ ಎರಡು ದೇಶದಲ್ಲಿ ಹರಿಯುತ್ತೆ, ಮೇಲಿನ ದೇಶಕ್ಕೆ ಬಲ ಜಾಸ್ತಿ, ಅಣೆಕಟ್ಟು ಅವ್ರದ್ದೇ, ಕೆಳಗಿನವ್ರಿಗೆ ಅವ್ರು ಯಾಕೆ ನೀರು ಬಿಡ್ಬೇಕು?

ಆಗ ನೆನಪಿಗೆ ಬಂದರು ತಾತ, ನನ್ನ ಅಪ್ಪನ ಅಪ್ಪ ಗಿಡ್ಡಪ್ಪ, ಬುಕ್ಕಾಂಬುಧಿ ಕಡೆಯ ನಮ್ಮ ಸಣ್ಣ ಊರಿನ ಕೆರೆಗೆ ನೀರುಗಂಟಿ, ತೂಬು ಎತ್ತುವುದು, ಗದ್ದೆ ಗದ್ದೆಗೆ ಸರದಿಯಲ್ಲಿ ನೀರು ಬಿಡುವುದು ಅವರ ಕೆಲಸ, ಮಳೆ ಕಡಿಮೆಯಾದ ವರ್ಷ ಮೇಲಿನ ಊರಿನವರು ತೂಬು ಮುಟ್ಟಬೇಡ ಎಂದರಂತೆ, ಕೆಳಗಿನ ಊರಿನವರು ದೊಣ್ಣೆ ಹಿಡಿದು ಏರಿಯ ಮೇಲೆ ಬಂದರಂತೆ, ತಾತ ಎರಡು ಕಡೆಗೂ ಓಡಾಡಿ ನಾಲ್ಕು ದಿನ ಮೇಲೆ, ಎರಡು ದಿನ ಕೆಳಗೆ ಎಂದು ಒಪ್ಪಿಸಿದರು, ಮೇಲಿನೋರು ನಿನ್ನ ಮಾತು ಯಾಕ್ ಕೇಳಿದ್ರು ತಾತ ಎಂದರೆ, ನೀರು ಅವ್ರತ್ರ ಅದೆ, ದಾರಿ ಇವ್ರತ್ರ ಅದಲ್ಲ ಕಣವ್ವ, ಮೇಲಿನೋರ ಗಾಡಿ ಬೀರೂರು ಸಂತೆಗೆ ಹೋಗ್ಬೇಕಾದ್ರೆ ಕೆಳಗಿನೂರು ದಾಟ್ಲೇಬೇಕು, ಎನ್ನುತ್ತಿದ್ದರು — ಇದನ್ನೇ ಹೇಳಿದೆ, ಕನ್ನಡದಲ್ಲೇ ಹೇಳಿದೆ, ಇದಕ್ಕೆ ಪುಸ್ತಕದಲ್ಲಿ ಇಷ್ಯೂ ಲಿಂಕೇಜ್ ಅಂತಾರೆ ಮೇಡಂ, ನೀರೊಂದನ್ನೇ ಇಟ್ಕೊಂಡು ಮಾತಾಡಿದ್ರೆ ಬಲ ಇರೋನೇ ಗೆಲ್ತಾನೆ, ಇನ್ನೊಂದನ್ನ ಮೇಜಿಗೆ ತಂದ್ರೆ ಅವ್ನೂ ಬಗ್ಗಬೇಕು, ಅಲ್ಲಿಗೇ ನಿಲ್ಲಿಸಲಿಲ್ಲ, ಆ ರಾಜಿ ಬರೆದ ದಿನ ಪಂಚಾಯ್ತಿ ಚಾಪೆಯ ಮೇಲೆ ಎರಡೂ ಊರಿನ ದೊಡ್ಡೋರು ಕೂತಿದ್ರು, ರಾಜಿ ಮಾಡಿಸಿದ ನಮ್ಮ ತಾತ ಆಚೆ ಬಿಸಿಲಲ್ಲಿ ನಿಂತಿದ್ರು, ಅದನ್ನೂ ಈ ವಿಷಯದಲ್ಲಿ ಓದ್ತೀವಿ ಮೇಡಂ, ಯಾರು ಕೂತ್ಕೊಳ್ತಾರೆ, ಯಾರು ನಿಂತಿರ್ತಾರೆ ಅನ್ನೋದನ್ನ. ಕೃತಿಕಾ ಮೇಡಂ ಕುರ್ಚಿಯನ್ನು ಅಪ್ಪನ ಕಡೆ ಎಳೆದರು, ಕೂತ್ಕೊಳ್ಳಿ ಎಂದರು, ಆಮೇಲೆ ಸರ್‌ಗೆ, ಇದು ಕಾಪಿ ಹೊಡೆದವ್ರು ಹೇಳೋ ಉತ್ತರ ಅಲ್ಲ ಸಾರ್, ಬೇಕಾದ್ರೆ ನಾನು ಬರ್ದುಕೊಡ್ತೀನಿ.

ಸರ್ ನನ್ನನ್ನು ನೋಡಲಿಲ್ಲ, ಕ್ರೆಡಿಟ್ ವರ್ಗಾವಣೆಯ ಫಾರ್ಮು ಎಳೆದುಕೊಂಡು ಹಸಿರು ಇಂಕಿನಲ್ಲಿ ಸಹಿ ಮಾಡಿದರು, ಸೀಲು ಗುದ್ದಿದರು, ಮುಗಿಯಿತು, ಇಷ್ಟೇನಾ, ಮೂರು ವಾರ ಅಲೆಸಿದ್ದು ಇಷ್ಟಕ್ಕೇನಾ — ತಗೊಂಡಿದ್ದಕ್ಕೆ ರಿಜಿಸ್ಟರಲ್ಲಿ ಸೈನ್ ಹಾಕೋಗು ಎಂದರು, ಅಪ್ಪ ಆಗಲೇ ಎದ್ದು ಕೈಮುಗಿದಾಗಿತ್ತು, ನಾನು ರಿಜಿಸ್ಟರು ತೆರೆದೆ, ನನ್ನ ಹೆಸರು, ಅದರ ಎದುರು ಷರಾ ಕಾಲಮ್ಮಿನಲ್ಲಿ ಕೆಂಪಿನಲ್ಲಿ, ನಕಲು. ಪ್ರಶ್ನಾರ್ಥಕ ಚಿಹ್ನೆಯೂ ಇಲ್ಲ, ಅನುಮಾನ ಎಂದೂ ಇಲ್ಲ. ಇದನ್ನ ಹೊಡೆದು ಹಾಕಿ ಸಾರ್, ಎಂದೆ. ಅಯ್ಯೋ, ಫಾರ್ಮು ಸಿಕ್ತಲ್ಲಮ್ಮಾ, ಅದನ್ನ್ಯಾರು ನೋಡ್ತಾರೆ, ಬಿಡು. ನೋಡುತ್ತಾರೆ, ಮುಂದಿನ ವರ್ಷ ನಮ್ಮ ಕೇರಿಯ ಹುಡುಗಿಯೊಬ್ಬಳು ಬಂದಾಗ ಇದೇ ಪುಟ ತಿರುವುತ್ತಾರೆ, ಹೋದ್ಸಲಾನೂ ಒಬ್ಳು ಹಿಂಗೇ ಎನ್ನುತ್ತಾರೆ — ಹೊಡೆದು ಹಾಕಿ, ಪಕ್ಕದಲ್ಲಿ ನಿಮ್ಮ ಸೈನೂ ಹಾಕಿ, ಅಲ್ಲೀಗಂಟ ನಾನು ಹೋಗಲ್ಲ, ಎಂದೆ. ಕೋಮ್ಲಾ, ಸಾಕು ಬಾ, ರೈಲಿಗೆ ಹೊತ್ತಾಯ್ತು, ಎಂದರು ಅಪ್ಪ. ನಾನು ಅಪ್ಪನ ಕುರ್ಚಿಯಲ್ಲಿ ಕೂತೆ. ರೈಲು ಹೋಗಲಿ. ಇನ್ನೊಂದು ಬರುತ್ತದೆ. ಸರ್ ಪೆನ್ನು ತೆಗೆದರು, ಸ್ಕೇಲು ಹುಡುಕಲಿಲ್ಲ, ಕೈಯಲ್ಲೇ ಎಳೆದರು, ಸೊಟ್ಟಗೆ, ಪಕ್ಕದಲ್ಲಿ ಎರಡಕ್ಷರದ ಸಹಿ. ಈಗ ಅಪ್ಪ ಬಗ್ಗಿದ್ದಾರೆ ರಿಜಿಸ್ಟರಿನ ಮೇಲೆ, ಏಳನೇ ಕ್ಲಾಸು ಓದಿದವರು, ಒಂದೊಂದೇ ಅಕ್ಷರಕ್ಕೆ ತುಟಿ ಆಡಿಸುತ್ತಾರೆ, ಗೀಟಿನಡಿಯಿಂದ ಪದ ಇನ್ನೂ ಕಾಣುತ್ತಿದೆ, ಅಪ್ಪನ ಬೆರಳು, ಹಳಿಯ ಗ್ರೀಸು ಕಚ್ಚಿದ ಉಗುರು, ಆ ಹಸಿರು ಗೀಟಿನ ಮೇಲೆ ಮೆಲ್ಲಗೆ ಸರಿಯುತ್ತಿದೆ — ನ — ಕ —